ಗಿರಿಜಾ ಕಥೆ: ಕಾಮಿಕ್ಸ್ ಬಿಟ್ಟು ಆಡಿಯೋ ನಾಟಕಕ್ಕೆ ಬಂದೆ

ಈ ವಾರ ಒಂದು ದೊಡ್ಡ ತೀರ್ಮಾನ ಆಯಿತು. ಗಿರಿಜಾ ಕಥೆಯನ್ನು ಆಡಿಯೋ ನಾಟಕ ಮಾಡುತ್ತೇನೆ.

ಹೊಸದಾಗಿ ಓದುತ್ತಿರುವವರಿಗೆ: ಗಿರಿಜಾ ಚಾರ್ಮಾಡಿ ಘಾಟಿ ಬಸ್ಸಿನ ಕಂಡಕ್ಟರ್. ಗುಡ್ಡ ಜರಿಯುವ ಮೊದಲೇ ಮಣ್ಣಿನೊಳಗಿನ ಸದ್ದು ಅವಳಿಗೆ ಕೇಳುತ್ತದೆ. ಅದೊಂದೇ ಅವಳ ಶಕ್ತಿ, ಹಾರುವುದೂ ಇಲ್ಲ, ಗುದ್ದುವುದೂ ಇಲ್ಲ. 2019ರ ಆಗಸ್ಟ್ ಮಳೆಗೆ ಆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತಲ್ಲ, ಕಥೆ ಹೊಳೆದದ್ದು ಆಗ.

ಸೂಪರ್‌ಹೀರೋ ಅಂದಕೂಡಲೇ ಎಲ್ಲರೂ ಕಾಮಿಕ್ಸ್ ಅನ್ನುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಖಾಕಿ ಶರ್ಟು, ಹೆಗಲಿಗೆ ಬ್ಯಾಗು, ಬಾಯಲ್ಲಿ ಸೀಟಿ, ಸ್ಕೆಚ್ ಚೆನ್ನಾಗೇ ಬಂತು. ಆದರೆ ಮುಖ್ಯ ದೃಶ್ಯ ನೋಡಿ: ಜನ ಹರಟುತ್ತಿದ್ದಾರೆ, ವೈಪರ್ ಕಿರ್ ಕಿರ್ ಅನ್ನುತ್ತಿದೆ, ಬಸ್ಸಿನ ಟಾಪ್ ಮೇಲೆ ಮಳೆ ಬಡಿಯುತ್ತಿದೆ, ಇದೆಲ್ಲದರ ಅಡಿಯಲ್ಲಿ ಒಂದು ಸಣ್ಣ ಸದ್ದು. ಚಿತ್ರದಲ್ಲಾದರೆ ಅದನ್ನು ಅಕ್ಷರದಲ್ಲೇ ಬರೆಯಬೇಕು, ಬರೆದರೆ ಓದುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆಡಿಯೋದಲ್ಲಿ ಆ ಸದ್ದು ನಿಮ್ಮ ಕಿವಿಗೂ ಬಿದ್ದಿರುತ್ತದೆ, ಆದರೆ ಗಿರಿಜಾ "ನಿಲ್ಸಿ!" ಅಂತ ಕೂಗುವ ತನಕ ನಿಮಗೆ ಗೊತ್ತಾಗಿರುವುದಿಲ್ಲ. ನನಗೆ ಬೇಕಾಗಿದ್ದು ಇದೇ.

ಕಾಮಿಕ್ಸಿನಲ್ಲಿ ಪಾತ್ರದ ಮಾತು ಬರೆಯುವ ಬಲೂನಿನ ತಾಪತ್ರಯ ಬೇರೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲಿನ ನಡುವೆ ಜಾಗ ಜಾಸ್ತಿ ಬಿಡಬೇಕು, ಬಲೂನು ದೊಡ್ಡದಾಗಿ ಮುಖವೇ ಮುಚ್ಚಿಹೋಗುತ್ತದೆ. ಕಾದಂಬರಿ ಬೇಡ ಅನ್ನಿಸಿತು, "ಅವಳಿಗೆ ಕೇಳಿಸಿತು" ಅಂದರೆ ಅಲ್ಲಿಗೆ ಮುಗಿಯಿತು. ಸಿನಿಮಾ ದುಡ್ಡಿನ ಮಾತು, ಬಿಡಿ.

ಕಿವಿಗೆ ಸೂಪರ್‌ಹೀರೋ ಹೊಸದೇನಲ್ಲ. 1938ರಲ್ಲಿ ಕಾಮಿಕ್ಸಿಗೆ ಬಂದ ಸೂಪರ್‌ಮ್ಯಾನ್ 1940ಕ್ಕೇ ಅಮೆರಿಕದ ರೇಡಿಯೋದಲ್ಲಿದ್ದ. ಅವನ ಶಕ್ತಿ ಉಡುಗಿಸುವ ಕ್ರಿಪ್ಟೊನೈಟ್ ಮೊದಲು ಬಂದದ್ದೂ ರೇಡಿಯೋದಲ್ಲೇ, 1943ರಲ್ಲಿ. ಕಾಮಿಕ್ಸಿಗೆ ಅದು ಕಾಲಿಟ್ಟಿದ್ದು 1949ರಲ್ಲಿ! ಹಾರುವವನನ್ನೇ ಬರೀ ಸದ್ದಿನಲ್ಲಿ ಕಟ್ಟಿಕೊಟ್ಟಿದ್ದಾರೆ ಅಂದಮೇಲೆ ಗಿರಿಜಾಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಲ್ವಾ?

ಗುಡ್ಡದ ಸದ್ದು ಸಿಕ್ಕಿದೆ. ಮೊರಕ್ಕೆ ಒದ್ದೆ ಮರಳು, ಸಣ್ಣ ಜಲ್ಲಿ ಹಾಕಿ, ಫೋನನ್ನು ಹತ್ತಿರ ಇಟ್ಟು, ಮೊರವನ್ನು ತುಂಬಾ ನಿಧಾನಕ್ಕೆ ವಾಲಿಸಬೇಕು. ಮೊದಲು ಏನೂ ಇಲ್ಲ, ಆಮೇಲೆ ಒಂದೆರಡು ಕಲ್ಲು, ಆಮೇಲೆ ಸರ್ರನೆ ಎಲ್ಲ ಜಾರುತ್ತದೆ. ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ವೇಗ ಇಳಿಸಿದರೆ ದನಿ ದಪ್ಪವಾಗುತ್ತದೆ. ಹೆಡ್‌ಫೋನಲ್ಲಿ ಕೇಳಿ ಮೈ ಜುಂ ಅಂದಿತು.

ಯಾರು ಎಲ್ಲಿದ್ದಾರೆ ಅಂತ ಹೇಳಲು ನಿರೂಪಕ ಬೇಕು ಅಂತ ಗೆಳೆಯರು ಹೇಳಿದರು. ಬೇಡ. ಕಂಡಕ್ಟರ್ ಇದ್ದಾಳಲ್ಲ! "ಕೊಟ್ಟಿಗೆಹಾರ, ಯಾರ್ರೀ ಕೊಟ್ಟಿಗೆಹಾರ ಇಳಿಯೋರು" ಅಂದರೆ ಸಾಕು, ಬಸ್ಸು ಎಲ್ಲಿದೆ ಅಂತ ಗೊತ್ತಾಯಿತು. (ಅಲ್ಲಿನ ನೀರುದೋಸೆಗೂ ಒಂದು ಮಾತು ಇಟ್ಟಿದ್ದೇನೆ.)

ಮೊದಲ ಕಂತು 12 ನಿಮಿಷಕ್ಕೆ ನಿಲ್ಲಿಸುವ ಆಸೆ. ಗಿರಿಜಾ ದನಿ ಸಿಕ್ಕಿದೆ. ಡ್ರೈವರ್ ಪಾತ್ರಕ್ಕೆ ಬೆಳ್ತಂಗಡಿ ಕಡೆ ಕನ್ನಡ ಮಾತಾಡುವವರು ಬೇಕು, ನಡುನಡುವೆ ತುಳು ಬಂದರೆ ಇನ್ನೂ ಒಳ್ಳೆಯದು.