ಪವರ್ ಸಿಸ್ಟಮ್ ಬಲ್ಲ ಒಳ್ಳೆ ಮೇಷ್ಟ್ರು ದಾವಣಗೆರೆಗೆ ಯಾಕೆ ಬರ್ತಾರೆ?

ಈ ಪ್ರಶ್ನೆಯನ್ನು ಕಾಲೇಜು ನಡೆಸುವವರು ಕೇಳುತ್ತಾರೆ. ಪಿಎಚ್‌ಡಿ ಮುಗಿಸಿ ಕೆಲಸ ಹುಡುಕುವ ಹುಡುಗರೂ ಕೇಳುತ್ತಾರೆ. ಒಬ್ಬರ ದನಿಯಲ್ಲಿ ಬೇಸರ, ಇನ್ನೊಬ್ಬರ ದನಿಯಲ್ಲಿ ಅನುಮಾನ. ಮಾತು ಮಾತ್ರ ಒಂದೇ. "ಗಾಳಿ, ಸೋಲಾರ್, ಗ್ರಿಡ್ ಎಲ್ಲ ಚೆನ್ನಾಗಿ ಬಲ್ಲವರು ಬೆಂಗಳೂರು ಬಿಟ್ಟು ದಾವಣಗೆರೆಗೆ ಯಾಕೆ ಬರ್ತಾರೆ ಸಾರ್?" ಗ್ರಿಡ್ ಅಂದರೆ ಕರೆಂಟು ಹುಟ್ಟುವ ಕಡೆಯಿಂದ ಮನೆ ತನಕ ತಲುಪಿಸುವ ಲೈನುಗಳ ಜಾಲ. ಅದನ್ನು ಓದಿಸುವ ವಿಷಯವೇ ಪವರ್ ಸಿಸ್ಟಮ್.

ಇಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಎಲೆಕ್ಟ್ರಿಕಲ್ ಪಾಠ ಮಾಡಿದ್ದೇನೆ. ಸಂದರ್ಶನದ ಮೇಜಿನ ಎರಡೂ ಕಡೆ ಕೂತಿದ್ದೇನೆ. ನನ್ನ ಉತ್ತರ ಇಷ್ಟೇ: ಬರ್ತಾರೆ. ಆದರೆ ನಾವು ಅವರನ್ನು ಟೈಮ್‌ಟೇಬಲ್ ತುಂಬಿಸೋಕೆ ಕರೆಯುತ್ತಿದ್ದೇವೆ. ಇಲ್ಲಿ ಇಂಥ ಕೆಲಸ ಇದೆ, ಬಂದು ಮಾಡಿ ಅಂತ ಕರೆಯುತ್ತಿಲ್ಲ.

ಸಂಬಳದ ಮಾತು ಮೊದಲು ಮುಗಿಸಿಬಿಡುತ್ತೇನೆ. ಏಳನೇ ವೇತನ ಆಯೋಗದ ನಂತರ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ವೇತನ ಶುರುವಾಗುವುದು 57,700 ರೂಪಾಯಿಯಿಂದ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಅದು ಪೂರ್ತಿ ಕೈಗೆ ಬರುವುದಿಲ್ಲ. ಅದು ತಪ್ಪು. ಅದನ್ನು ಸರಿ ಮಾಡದೆ ಮಿಕ್ಕಿದ್ದೆಲ್ಲ ಮಾತಾಡುವುದು ನ್ಯಾಯ ಅಲ್ಲ. ಆದರೆ ಪೂರ್ತಿ ಸಂಬಳ ಕೊಡುವ ಕಡೆಯಿಂದಲೂ ಎರಡು ವರ್ಷಕ್ಕೆ ಬಿಟ್ಟು ಹೋದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬರು ಹೋಗುವಾಗ ಹೇಳಿದ ಮಾತು ಇನ್ನೂ ನೆನಪಿದೆ. "ಊರು ಚೆನ್ನಾಗಿದೆ ಸಾರ್. ನನ್ನ ವಿಷಯದಲ್ಲಿ ಏನೂ ಮಾಡೋಕಾಗಲಿಲ್ಲ, ಅಷ್ಟೇ."

ಇದು ನನಗೆ ನೋವಾಗುವ ಸಂಗತಿ. ಯಾಕೆಂದರೆ ಆ ವಿಷಯಕ್ಕೆ ಇಂಥ ಜಾಗ ಇನ್ನೊಂದು ಸುಲಭಕ್ಕೆ ಸಿಗುವುದಿಲ್ಲ. ದುರ್ಗದ ಕೋಟೆ ಹತ್ತಿ ನಿಂತರೆ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳು ಕಾಣುತ್ತವೆ. ಚಳ್ಳಕೆರೆ ದಾಟಿದರೆ ಪಾವಗಡ. ಜಿಲ್ಲೆ ಬೇರೆ, ತುಮಕೂರು. ಅಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಹರಿಹರದ ಪಕ್ಕದ ಗುತ್ತೂರಿನ 400 ಕೆವಿ ಸಬ್‌ಸ್ಟೇಷನ್‌ಗೆ ಕೈಗಾ ಅಣುಸ್ಥಾವರದ ಲೈನ್ ಬರುತ್ತದೆ. ಬೇರೆ ಕಡೆಯವರು ಇದನ್ನೆಲ್ಲ ಕಂಪ್ಯೂಟರ್‌ನಲ್ಲಿ ಜೋಡಿಸಿ ಮಾದರಿ ಮಾಡುತ್ತಾರೆ. ನಮ್ಮ ಹುಡುಗರು ಬಸ್ಸಿನಲ್ಲಿ ಓಡಾಡುವಾಗ ದಿನಾ ನೋಡುತ್ತಾರೆ. 1951ರಲ್ಲೇ ಇಂಜಿನಿಯರಿಂಗ್ ಕಾಲೇಜು ಶುರುವಾದ ಊರು ನಮ್ಮದು. ಆ ಪಾಠವನ್ನೂ ಕಣ್ಣೆದುರಿನ ಈ ಗ್ರಿಡ್ಡನ್ನೂ ಸೇರಿಸುವ ಮೇಷ್ಟ್ರು ಬೇಕು.

ಏನು ಕೆಲಸ ಇದೆ ಅಂತ ಕೇಳುವವರಿಗೆ ನಾನು ಕೆರೆ ತುಂಬಿಸುವ ಪಂಪುಗಳ ಕಥೆ ಹೇಳುತ್ತೇನೆ. ರಾಜನಹಳ್ಳಿ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ 22 ಕೆರೆ ತುಂಬಿಸುವ ಏತ ನೀರಾವರಿ ಯೋಜನೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಜಗಳೂರಿನ 57 ಕೆರೆಗಳ ಯೋಜನೆಯೂ ಹೀಗೇ. ಭರಮಸಾಗರದ ದೊಡ್ಡ ಕೆರೆಗೂ ಈ ಹೊಳೆಯ ನೀರು ಪಂಪಿನಿಂದಲೇ ಬರಬೇಕು. ಈಗ ಸ್ವಲ್ಪ ಲೆಕ್ಕ. 1,000 ಲೀಟರ್ ನೀರನ್ನು 100 ಮೀಟರ್ ಮೇಲಕ್ಕೆ ಎತ್ತಲು ಸುಮಾರು 0.27 ಯೂನಿಟ್ ಕರೆಂಟ್ ಬೇಕು. ಅದೂ ಪಂಪು, ಮೋಟರಿನ ನಷ್ಟ ಬಿಟ್ಟು. ಕೇಳೋಕೆ ಏನೂ ಅಲ್ಲ, ಅಲ್ವಾ? ಆದರೆ ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಅಷ್ಟನ್ನೂ 100 ಮೀಟರ್ ಎತ್ತಿದರೆ 77 ಲಕ್ಷ ಯೂನಿಟ್ ದಾಟುತ್ತದೆ.

ಹೊಳೆಯಲ್ಲಿ ನೀರು ಜೋರಾಗಿ ಇರುವುದು ಯಾವಾಗ? ಜೂನ್‌ನಿಂದ ಸೆಪ್ಟೆಂಬರ್ ತನಕ. ಗಾಳಿಯಂತ್ರಗಳು ಜೋರಾಗಿ ತಿರುಗುವುದು ಯಾವಾಗ? ಅದೇ ತಿಂಗಳುಗಳಲ್ಲಿ. ಆಷಾಢದ ಗಾಳಿ ಅಂತ ನಮ್ಮಜ್ಜಿಯರು ಹೇಳುತ್ತಿದ್ದುದು ಇದನ್ನೇ. ಇನ್ನೊಂದು ಅನುಕೂಲ ನೋಡಿ. ಮನೆಯ ದೀಪಕ್ಕೆ ಸಂಜೆ ಏಳಕ್ಕೇ ಕರೆಂಟ್ ಬೇಕು. ಕೆರೆಗೆ ಹಾಗಲ್ಲ. ನೀರು ರಾತ್ರಿ ಎರಡಕ್ಕೆ ಬಂದರೂ ಆಯಿತು, ಬೆಳಿಗ್ಗೆ ಹತ್ತಕ್ಕೆ ಬಂದರೂ ಆಯಿತು. ಅಂದರೆ ಗಾಳಿ ಬಂದಾಗ ಪಂಪು ಓಡಿಸಿ, ನಿಂತಾಗ ನಿಲ್ಲಿಸಿದರೆ ಬ್ಯಾಟರಿ ಇಲ್ಲದೆಯೇ ಗಾಳಿಯ ಕರೆಂಟನ್ನು ಕೆರೆಯಲ್ಲಿ ಕೂಡಿಟ್ಟ ಹಾಗೆ.

ಹೇಳೋದು ಸುಲಭ. ಅಷ್ಟು ದೊಡ್ಡ ಮೋಟರನ್ನು ದಿನಕ್ಕೆ ಎಷ್ಟು ಸಲ ಆನ್ ಆಫ್ ಮಾಡಬಹುದು? ತಟಕ್ಕನೆ ನಿಲ್ಲಿಸಿದರೆ ಪೈಪಿನಲ್ಲಿರುವ ನೀರು ಹಿಂದಕ್ಕೆ ಗುದ್ದುತ್ತದೆ, ಪೈಪೇ ಒಡೆಯಬಹುದು. ನಾಳೆಯ ಗಾಳಿಯನ್ನು ಇವತ್ತೇ ಎಷ್ಟು ನಂಬಬಹುದು? ಅಷ್ಟು ಕರೆಂಟನ್ನು ಲೈನು ತಾಳುತ್ತದಾ? ನೀರಾವರಿ ಇಲಾಖೆ ಒಂದು ಕಡೆ, ಬೆಸ್ಕಾಂ ಇನ್ನೊಂದು ಕಡೆ, ಪಂಪಿನ ಸ್ವಿಚ್ ಯಾರ ಮಾತು ಕೇಳಬೇಕು? ಕೊನೆಯ ಕೆರೆಯ ಪಕ್ಕ ಕಾಯುತ್ತಿರುವ ರೈತನಿಗೆ ಏನು ಹೇಳಬೇಕು? ಇದು ಒಬ್ಬ ಮೇಷ್ಟ್ರು, ನಾಲ್ಕು ವಿದ್ಯಾರ್ಥಿಗಳು ಸೇರಿ ಹತ್ತು ವರ್ಷ ಮಾಡುವಷ್ಟು ಕೆಲಸ. ಒಮ್ಮೆ ಪಿಎಚ್‌ಡಿ ಮುಗಿಸುತ್ತಿದ್ದ ಹುಡುಗನಿಗೆ ಇದನ್ನು ಹೇಳಿದೆ. ಅವನು ಟೀ ಲೋಟ ಪಕ್ಕಕ್ಕಿಟ್ಟು ಲೆಕ್ಕ ಬರೆಯೋಕೆ ಹಾಳೆ ಕೇಳಿದ. ಅವತ್ತು ಸಂಬಳದ ಮಾತು ಬರಲೇ ಇಲ್ಲ.

ಪಾಠದ ವಿಷಯವೂ ಬದಲಾಗಿದೆ. ನಾನು ಓದುವಾಗ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಶರಾವತಿಯಲ್ಲಿ ಹುಟ್ಟಿ, ಲೈನಿನಲ್ಲಿ ಬಂದು, ಮನೆಯಲ್ಲಿ ಮುಗಿಯುತ್ತಿತ್ತು. ಈಗ ಮನೆಯ ಚಾವಣಿಯಿಂದಲೂ ಲೈನಿಗೆ ಹೋಗುತ್ತದೆ. ಇನ್ನೂ ಮುಖ್ಯವಾದದ್ದು ಬೀಸುವ ಕಲ್ಲಿನ ಗುಣ. ಭಾರದ ಬೀಸುವ ಕಲ್ಲಿನಿಂದ ಕೈ ತೆಗೆದರೂ ಅದು ಇನ್ನೊಂದು ಸುತ್ತು ತಿರುಗುತ್ತದಲ್ಲ? ದೊಡ್ಡ ಟರ್ಬೈನು, ಜನರೇಟರುಗಳೂ ಹಾಗೇ. ಎಲ್ಲೋ ಒಂದು ಘಟಕ ಕೈಕೊಟ್ಟರೂ ಆ ಭಾರವೇ ಕರೆಂಟಿನ 50 ಹರ್ಟ್ಜ್ ಮಿಡಿತವನ್ನು ಕೆಲವು ಕ್ಷಣ ಹಿಡಿದು ನಿಲ್ಲಿಸುತ್ತದೆ. ಸೋಲಾರ್ ಕರೆಂಟನ್ನು ಲೈನಿಗೆ ಹೊಂದಿಸುವ ಇನ್ವರ್ಟರ್‌ನಲ್ಲಿ ತಿರುಗುವ ಕಲ್ಲೇ ಇಲ್ಲ. ಆ ಗುಣವನ್ನು ಸಾಫ್ಟ್‌ವೇರ್ ಮೂಲಕ ತರಬೇಕು. ಅದಕ್ಕೇ ಈಗ ಹೀಗೆ ಲೈನನ್ನು ತಾನೇ ಹಿಡಿದು ನಿಲ್ಲಿಸುವ ಗ್ರಿಡ್ ಫಾರ್ಮಿಂಗ್ ಇನ್ವರ್ಟರ್ ಬಗ್ಗೆ ಇಷ್ಟು ಸಂಶೋಧನೆ. ಹಾಗಾಗಿ ಬರುವ ಮೇಷ್ಟ್ರಿಗೆ ಹಳೆಯ ಯಂತ್ರವೂ ಗೊತ್ತಿರಬೇಕು, ಇನ್ವರ್ಟರ್‌ನ ಒಳಗಿನ ಪವರ್ ಎಲೆಕ್ಟ್ರಾನಿಕ್ಸೂ ಗೊತ್ತಿರಬೇಕು.

ಇಂಥವರನ್ನು ನಾವು ಬಾಗಿಲಲ್ಲೇ ಕಳೆದುಕೊಳ್ಳುತ್ತೇವೆ. ನಾನು ಕೂತಿದ್ದ ಒಂದು ಆಯ್ಕೆ ಸಮಿತಿಯಲ್ಲಿ ಒಬ್ಬ ಹುಡುಗಿಯ ಅರ್ಜಿ ಪಕ್ಕಕ್ಕೆ ಸರಿಯಿತು. ಕಾಲೇಜಿನ ಹೆಸರು ಬೇಡ. ಅವಳ ಎಂಟೆಕ್ ಪದವಿಯ ಹೆಸರು ಕಚೇರಿಯ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ ಕಾರಣ. ಹಳ್ಳಿ ಫೀಡರ್‌ಗೆ, ಅಂದರೆ ಸಬ್‌ಸ್ಟೇಷನ್‌ನಿಂದ ಹಳ್ಳಿಗೆ ಬರುವ ಲೈನಿಗೆ, ಸೋಲಾರ್ ಸೇರಿದರೆ ಪಂಪ್‌ಸೆಟ್ಟಿನ ವೋಲ್ಟೇಜ್ ಏನಾಗುತ್ತದೆ ಅನ್ನುವುದು ಅವಳ ಥೀಸಿಸ್. ನಮಗೆ ಬೇಕಾಗಿದ್ದುದು ಅದೇ. ಥೀಸಿಸ್ ಯಾರೂ ತೆರೆಯಲಿಲ್ಲ. ಅವತ್ತು ಇನ್ನೂ ಗಟ್ಟಿಯಾಗಿ ವಾದ ಮಾಡಬೇಕಿತ್ತು ಅನ್ನುವುದು ಈಗಲೂ ನನ್ನನ್ನು ಕಾಡುತ್ತದೆ.

ಬಂದವರ ಕಥೆ ಬೇರೆ. ನಿಯಮದಲ್ಲಿ ವಾರಕ್ಕೆ 16 ಗಂಟೆ ಪಾಠ. ಅದರ ಮೇಲೆ ಮೊದಲ ವರ್ಷದ ಎಲ್ಲ ಸೆಕ್ಷನ್‌ಗೆ ಬೇಸಿಕ್ ಎಲೆಕ್ಟ್ರಿಕಲ್, ಮಾನ್ಯತೆ ತಪಾಸಣೆಯ ಫೈಲುಗಳು, ಪರೀಕ್ಷೆ ಕೆಲಸ. ಮಕ್ಕಳೆಲ್ಲ ಕಂಪ್ಯೂಟರ್ ಸೈನ್ಸ್ ಕಡೆ ಓಡುತ್ತಿರುವುದರಿಂದ ಎಲೆಕ್ಟ್ರಿಕಲ್‌ಗೆ ಕಾಯಂ ಹುದ್ದೆ ಕೊಡಲು ಆಡಳಿತದವರಿಗೆ ಹಿಂಜರಿಕೆ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಗಬೇಕು ಅನ್ನುವ ಕಷ್ಟವೂ ಇದೆ. ಅದನ್ನು ಸಂದರ್ಶನದಲ್ಲಿ ಯಾರೂ ಕೇಳುವುದಿಲ್ಲ, ಆದರೆ ಕೊನೆಗೆ ಊರು ಬಿಡಿಸುವುದು ಎಷ್ಟೋ ಸಲ ಅದೇ.

ಲ್ಯಾಬ್‌ಗೆ ಕೋಟಿ ಬೇಕು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಶುರು ಮಾಡಲು ಗ್ರಿಡ್ ಲೆಕ್ಕ ಹಾಕುವ ಓಪನ್ ಡಿಎಸ್‌ಎಸ್, ಪಾಂಡಾಪವರ್ ಸಾಫ್ಟ್‌ವೇರ್‌ಗಳಿದ್ದರೆ ಸಾಕು, ಎರಡೂ ಉಚಿತ. ರಾಜ್ಯದ ಗ್ರಿಡ್ ನಿಭಾಯಿಸುವ, ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರ್‌ನ ವೆಬ್‌ಸೈಟಿನಲ್ಲಿ ರಾಜ್ಯದ ಬೇಡಿಕೆ, ಗಾಳಿ, ಸೋಲಾರ್ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಮನೆಗೆಲಸ ಕೊಡುತ್ತೇನೆ. ಚಳ್ಳಕೆರೆ ಪಕ್ಕದ ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಇದೆ, ಅಲ್ಲಿ ಮೇಷ್ಟ್ರುಗಳಿಗೇ ತರಬೇತಿ ಕೊಡುತ್ತಾರೆ. ಬೇಕಾಗಿರುವುದು ಸಮಯ. ಹೊಸಬರಿಗೆ ಮೊದಲ ವರ್ಷ ಪಾಠ ಅರ್ಧ ಮಾಡಿ. ಆ ಒಂದು ವರ್ಷ ಅವರು ಸಬ್‌ಸ್ಟೇಷನ್, ಪಂಪ್‌ಹೌಸ್, ಹೊಲ ಸುತ್ತಲಿ.

ನಾನು ಸಂದರ್ಶನದಲ್ಲಿ ಎಷ್ಟು ಸಂಶೋಧನಾ ಪೇಪರ್ ಬರೆದಿದ್ದೀರಿ ಅಂತ ಕೊನೆಗೆ ಕೇಳುತ್ತೇನೆ. ಮೊದಲು ಚಾಕ್‌ಪೀಸ್ ಕೊಟ್ಟು, "ಫೀಡರಿನ ತುದಿಯಲ್ಲಿರುವ ರೈತನ ಮೋಟರು ಯಾಕೆ ಸುಡುತ್ತದೆ, ಅವನಿಗೇ ಹೇಳುವ ಹಾಗೆ ಹೇಳಿ" ಅನ್ನುತ್ತೇನೆ. ಮೂವತ್ತು ಪೇಪರ್ ಬರೆದವರು ಇಲ್ಲಿ ತಡವರಿಸಿದ್ದಾರೆ. ಮೂರೇ ಬರೆದಿದ್ದ ಒಬ್ಬರು ಗೆರೆ ಎಳೆದು, ವೋಲ್ಟೇಜ್ ಇಳಿದಾಗ ಮೋಟರು ಅದೇ ಭಾರ ಎಳೆಯಲು ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ ಅಂತ ಎರಡು ನಿಮಿಷದಲ್ಲಿ ಹೇಳಿದರು. ನಾನು ಅವರಿಗೇ ಅಂಕ ಕೊಟ್ಟೆ.

ಪ್ರಶ್ನೆ ಕೇಳುವ ಹುಡುಗರಿಗೂ ಒಂದು ಮಾತು. ಒಪ್ಪಿಕೊಳ್ಳುವ ಮೊದಲು ಮೊದಲ ಸೆಮಿಸ್ಟರಿನ ಟೈಮ್‌ಟೇಬಲ್ ತೋರಿಸಿ ಅನ್ನಿ. ನಾಚಿಕೆ ಬೇಡ.

ಕಾಲೇಜಿನವರು ಹಾಗಾದರೆ ಜಾಹೀರಾತು ಹೇಗೆ ಕೊಡಬೇಕು ಅಂತ ಕೇಳಿದರೆ ನಾನು ಬರೆದುಕೊಡುವುದು ಇದು:

"ಗಾಳಿ, ಬಿಸಿಲು, ಕೆರೆ ತುಂಬಿಸುವ ಪಂಪುಗಳನ್ನು ಒಂದೇ ಗ್ರಿಡ್‌ನಲ್ಲಿ ಹೊಂದಿಸುವ ಕೆಲಸಕ್ಕೆ ಮೇಷ್ಟ್ರು ಬೇಕಾಗಿದ್ದಾರೆ. ಪೂರ್ತಿ ವೇತನ. ಮೊದಲ ವರ್ಷ ವಾರಕ್ಕೆ ಎಂಟು ಗಂಟೆ ಪಾಠ. ಎಲೆಕ್ಟ್ರಿಕಲ್ ಅಥವಾ ಎನರ್ಜಿ, ಪದವಿಯ ಹೆಸರಿಗಿಂತ ಥೀಸಿಸ್ ನೋಡುತ್ತೇವೆ. ಅರ್ಜಿಯ ಜೊತೆ ಎರಡು ಪುಟ ಬರೆದು ಕಳಿಸಿ: ಆಷಾಢದ ಒಂದು ರಾತ್ರಿ ರಾಜನಹಳ್ಳಿಯ ಪಂಪುಗಳನ್ನು ನೀವಾದರೆ ಹೇಗೆ ಓಡಿಸುತ್ತೀರಿ?"