ಲಿಟಲ್ ಇಟಲಿ ನೋಡಬೇಕೆನ್ನುವವರು ಬ್ರಾಂಕ್ಸ್‌ವರೆಗೂ ಹೋಗಿ ಬನ್ನಿ

ನ್ಯೂಯಾರ್ಕಿನ ಲಿಟಲ್ ಇಟಲಿ, ಅಂದರೆ ಇಟಲಿಯಿಂದ ವಲಸೆ ಬಂದವರ ಕೇರಿ, ಎಂದೊಡನೆ ಎಲ್ಲರೂ ಮ್ಯಾನ್‌ಹಟನ್ನಿನ ಮಲ್ಬರಿ ಸ್ಟ್ರೀಟನ್ನೇ ತೋರಿಸುತ್ತಾರೆ. ನಾವೂ ಮೊದಲು ಅಲ್ಲಿಗೇ ಹೋದೆವು. ಬಾಗಿಲಲ್ಲಿ ನಿಂತು ದಾರಿಹೋಕರನ್ನು ಬಿಡದೆ ಕರೆಯುತ್ತಿದ್ದವರೊಬ್ಬರ ಮಾತಿಗೆ ಮಣಿದು ಒಂದು ಹೋಟೆಲಿನಲ್ಲಿ ಕುಳಿತು, ಮುದ್ದೆಯಾಗುವಷ್ಟು ಬೆಂದ ಎರಡು ತಟ್ಟೆ ಪಾಸ್ತಾ ಮತ್ತು ಕೇಳದೆಯೇ ತಂದಿಟ್ಟ ಬಾಟಲಿ ನೀರಿಗೆ, ಬಿಲ್ಲಿನಲ್ಲಿ ಮೊದಲೇ ಸೇರಿಸಿದ್ದ ಟಿಪ್ಸೂ ಸೇರಿ, 78 ಡಾಲರ್ ತೆತ್ತೆವು. ಒಂದು ಕಾಲಕ್ಕೆ ನೇಪಲ್ಸ್ ಕಡೆಯವರು ಮಲ್ಬರಿಯಲ್ಲಿ, ಸಿಸಿಲಿಯವರು ಎಲಿಜಬೆತ್ ಸ್ಟ್ರೀಟಿನಲ್ಲಿ ಒತ್ತೊತ್ತಾಗಿ ಬಾಳಿದ ಆ ಕೇರಿಗಳಲ್ಲಿ ಈಗ ಹೆಚ್ಚಾಗಿ ಉಳಿದಿರುವುದು ಪ್ರವಾಸಿಗರನ್ನೇ ನಂಬಿದ ಹೋಟೆಲುಗಳು.

ನೀವು ನಗರದ ಉತ್ತರ ಭಾಗವಾದ ಬ್ರಾಂಕ್ಸ್‌ನ ಬೆಲ್ಮಾಂಟ್‌ಗೆ, ಅಂದರೆ ಆರ್ಥರ್ ಅವೆನ್ಯೂ ಮತ್ತು ಪೂರ್ವ 187ನೇ ಸ್ಟ್ರೀಟ್ ಕೂಡುವಲ್ಲಿಗೆ ಹೋಗಿ. ಸಬ್‌ವೇಯಿಂದ ಫೋರ್ಡಮ್ ರೋಡಿನಲ್ಲಿ ಇಳಿದು ಬಸ್ಸು ಹತ್ತಬೇಡಿ. ನಡೆದರೆ ಇಪ್ಪತ್ತು ನಿಮಿಷದ ದಾರಿಗೆ, ಕಾಲೂರಲು ಜಾಗವಿಲ್ಲದ ಬಸ್ಸಿನಲ್ಲಿ ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಮ್ಯಾನ್‌ಹಟನ್ನಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಿಂದ ಮೆಟ್ರೋ-ನಾರ್ತ್ ಎಂಬ ಉಪನಗರ ರೈಲಿನಲ್ಲಿ ಫೋರ್ಡಮ್‌ಗೆ ಬಂದು ನಡೆಯುವುದೇ ಲೇಸು. ಭಾನುವಾರ ಕೆಲವು ಅಂಗಡಿಗಳು ತೆರೆಯುವುದೇ ಇಲ್ಲ, ಆದ್ದರಿಂದ ವಾರದ ನಡುವೆ ಬೆಳಿಗ್ಗೆ ಹೋಗಿ.

ಸಮೀಪದ ಮೃಗಾಲಯ ಮತ್ತು ಸಸ್ಯೋದ್ಯಾನಗಳನ್ನು ಕಟ್ಟುವ ಕೆಲಸಕ್ಕೆ ಬಂದ ಇಟಾಲಿಯನ್ ಕೂಲಿಕಾರರು ಇಲ್ಲಿ ಬೇರುಬಿಟ್ಟರು. 1906ರಲ್ಲಿ ಅವರಿಗಾಗಿ ಮೌಂಟ್ ಕಾರ್ಮೆಲ್ ಮಾತೆಯ ಚರ್ಚು ಆರಂಭವಾಯಿತು. ರಸ್ತೆಯುದ್ದಕ್ಕೂ ತಳ್ಳುಗಾಡಿಯಲ್ಲಿ ಮಾರುತ್ತಿದ್ದವರನ್ನು ಸೂರಿನಡಿಗೆ ತರಲು ನಗರದ ಅಂದಿನ ಮೇಯರ್ ಲಾ ಗಾರ್ಡಿಯಾ, ಅವರೂ ಇಟಲಿಯಿಂದ ಬಂದ ತಂದೆಯ ಮಗನೇ, 1940ರಲ್ಲಿ ತೆರೆಸಿದ ಮಾರುಕಟ್ಟೆ ಇಂದಿಗೂ ನಡೆಯುತ್ತಿದೆ. ಹತ್ತಿರದಲ್ಲೇ ಇರುವ ಟೈಟಲ್ ಬ್ರದರ್ಸ್ ದಿನಸಿ ಅಂಗಡಿಯ ಹೊಸ್ತಿಲನ್ನು ತಪ್ಪದೆ ನೋಡಿ. ಅಲ್ಲಿ ಸಣ್ಣ ಹೆಂಚಿನ ತುಂಡುಗಳನ್ನು ಜೋಡಿಸಿ ಮಾಡಿದ ಯಹೂದಿಗಳ ಆರು ಮೂಲೆಯ ನಕ್ಷತ್ರವಿದೆ. 1915ರಿಂದ ಇಟಾಲಿಯನ್ನರಿಗೆ ಎಣ್ಣೆ, ಚೀಸು ಮಾರುತ್ತ ಬಂದ ಈ ಯಹೂದಿ ಕುಟುಂಬ, ಯಹೂದಿದ್ವೇಷ ಏರುತ್ತಿದ್ದ 1930ರ ದಶಕದಲ್ಲಿ, ತಾವು ಯಾರೆಂಬುದನ್ನು ಒಳಗೆ ಕಾಲಿಡುವ ಪ್ರತಿಯೊಬ್ಬರಿಗೂ ತಿಳಿಸುವಂತೆ ಅದನ್ನು ಕೂರಿಸಿತು. ನಾನು ಅದನ್ನು ತುಳಿಯದೆ ದಾಟಿದೆ.

ನನಗೆ ಅತ್ಯಂತ ಇಷ್ಟವಾದದ್ದು 1935ರಲ್ಲಿ ಆರಂಭವಾದ ಬೋರ್ಗಾಟ್ಟಿ ಅಂಗಡಿ. ಅಲ್ಲಿ ಕುಳಿತು ತಿನ್ನುವ ವ್ಯವಸ್ಥೆಯಿಲ್ಲ. ಹಸಿ ಪಾಸ್ತಾ ಕೊಂಡು ಮನೆಗೆ ಒಯ್ಯಬೇಕು. ಎಷ್ಟು ಅಗಲಕ್ಕೆ ಕತ್ತರಿಸಬೇಕೆಂದು ನಮ್ಮನ್ನೇ ಕೇಳಿ, ಹಾಳೆಯಂತೆ ಹರಡಿದ ಹಳದಿ ಹಿಟ್ಟನ್ನು ಯಂತ್ರಕ್ಕೆ ಕೊಟ್ಟರೆ, ಆ ಕಡೆಯಿಂದ ಎಳೆಗಳು ನಮ್ಮ ಶಾವಿಗೆಯಂತೆ ಸುರಿದವು. ಅಂಟಿಕೊಳ್ಳದಂತೆ ಹಿಟ್ಟು ಉದುರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟರು. ಮಲ್ಬರಿಯಲ್ಲಿ ತೆತ್ತ ಹಣದ ಹತ್ತನೇ ಒಂದು ಭಾಗವೂ ಖರ್ಚಾಗದೆ ನಾಲ್ವರ ಊಟಕ್ಕೆ ಆಯಿತು. ಈ ಪಾಸ್ತಾಕ್ಕೆ ಮೊಟ್ಟೆ ಹಾಕಿರುತ್ತಾರೆ ಎಂಬುದು ಗೊತ್ತಿರಲಿ. 1918ರ ಮಡೋನಿಯಾ ಬೇಕರಿಯಲ್ಲಿ ಕೇಳಿದ ಮೇಲೆಯೇ ಕೆನೆ ತುಂಬಿಕೊಡುವ ಕನ್ನೋಲಿ ಎಂಬ ಕರಿದ ಕೊಳವೆಯಾಕಾರದ ಸಿಹಿತಿಂಡಿ ತಿನ್ನಿ.

ಸಸ್ಯಾಹಾರಿಗಳು ಈ ಕೇರಿಯಲ್ಲಿ ಎರಡು ವಿಷಯಗಳಲ್ಲಿ ಎಚ್ಚರವಹಿಸಬೇಕು. ಲಾರ್ಡ್ (ಹಂದಿಕೊಬ್ಬು) ಬ್ರೆಡ್ ಎಂಬ ರೊಟ್ಟಿಯೊಳಗೆ ಹಂದಿಮಾಂಸದ ಚೂರುಗಳಿರುತ್ತವೆ, ಹೊರನೋಟಕ್ಕೆ ಅದು ತಿಳಿಯುವುದಿಲ್ಲ. ಪಾರ್ಮಿಜಾನೋ ಚೀಸಿಗೆ ಹಾಲೊಡೆಯಿಸಲು ಕರುವಿನ ಜಠರದ ಕಿಣ್ವವನ್ನು ಬಳಸುತ್ತಾರೆ. ಸಂಕೋಚಪಡದೆ ಕೇಳಿ, ನಾನು ಕೇಳಿದ ಕಡೆಗಳಲ್ಲೆಲ್ಲ ಬೇಸರಿಸದೆ ಬಿಡಿಸಿ ಹೇಳಿದರು.

ಆ ಪಾಸ್ತಾವನ್ನು ರಾತ್ರಿ ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿರುವ ಮಗಳ ಮನೆಯಲ್ಲಿ, ಉಪ್ಪು ಹಾಕಿದ ಕುದಿಯುವ ನೀರಿಗೆ ಬಿಟ್ಟೆವು. ಮೂರು ನಿಮಿಷಕ್ಕೆ ಬೆಂದಿತು; ಅದಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ.