ಅಂಪೈರ್‌ಗೆ ದಂಡ ಹಾಕೋರು ಯಾರೂ ಇಲ್ವಾ?

"ಆಟಗಾರ ತಪ್ಪು ಮಾಡಿದ್ರೆ ದಂಡ, ಸಸ್ಪೆನ್ಷನ್. ಅಂಪೈರ್ ತಪ್ಪು ಮಾಡಿದ್ರೆ ಏನೂ ಇಲ್ವಾ?"

ನಾನಿರುವುದು ನ್ಯೂಜೆರ್ಸಿಯಲ್ಲಿ. ಮಗ ಬೇಸ್‌ಬಾಲ್ ಆಡಲು ಶುರು ಮಾಡಿದ ಮೇಲೆ ಊರಿನ ಮಕ್ಕಳ ಲೀಗ್‌ನಲ್ಲಿ ಅಂಪೈರ್ ಆಗಿ ನಿಲ್ಲುತ್ತಿದ್ದೇನೆ. ಸಂಬಳವಿಲ್ಲ. ಯಾರಾದರೂ ನಿಲ್ಲಲೇಬೇಕಲ್ಲ, ಅದಕ್ಕೆ. ಅವತ್ತಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಕೇಳುತ್ತಾರೆ. ಬೆಂಗಳೂರಿನಿಂದ ಫೋನ್ ಮಾಡಿದ ಭಾವ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ ಇಷ್ಟೇ. ಶಿಕ್ಷೆ ಇದೆ. ಅದು ನಿಮ್ಮ ಕಣ್ಣಿಗೆ ಬೀಳುವುದು ಕಡಿಮೆ.

2013ರ ಮೇನಲ್ಲಿ ಹೂಸ್ಟನ್‌ನಲ್ಲಿ ಆಸ್ಟ್ರೋಸ್ ಮತ್ತು ಏಂಜಲ್ಸ್ ತಂಡಗಳ ಪಂದ್ಯ, ಮೇಜರ್ ಲೀಗ್‌ನದ್ದು, ಅಂದರೆ ಇಲ್ಲಿನ ದೊಡ್ಡ ವೃತ್ತಿಪರ ಬೇಸ್‌ಬಾಲ್ ಲೀಗ್. ಹೊಸದಾಗಿ ಬಂದ ಪಿಚರ್ (ಚೆಂಡು ಎಸೆಯುವವನು) ಕನಿಷ್ಠ ಒಬ್ಬ ಬ್ಯಾಟರ್‌ಗಾದರೂ ಎಸೆಯಲೇಬೇಕು ಅನ್ನುವುದು ಆಗಿನ ನಿಯಮ. ಅವನು ಒಬ್ಬರಿಗೂ ಎಸೆಯುವ ಮುಂಚೆ ಅವನನ್ನು ಬದಲಾಯಿಸಲು ಅಂಪೈರ್‌ಗಳು ಬಿಟ್ಟುಬಿಟ್ಟರು. ಆ ನಾಲ್ವರಲ್ಲಿ ಮುಖ್ಯ ಅಂಪೈರ್ ಫೀಲ್ಡಿನ್ ಕಲ್ಬ್ರೆತ್‌ಗೆ ಎರಡು ಪಂದ್ಯ ಸಸ್ಪೆನ್ಷನ್ ಆಯಿತು. ಉಳಿದ ಮೂವರಿಗೆ ದಂಡ ಬಿತ್ತು. ಅದಕ್ಕೆ ಒಂದು ವರ್ಷ ಮುಂಚೆ ಫಿಲಡೆಲ್ಫಿಯಾದ ಮ್ಯಾನೇಜರ್ ಚಾರ್ಲಿ ಮ್ಯಾನುಯೆಲ್ ಮತ್ತು ಅಂಪೈರ್ ಬಾಬ್ ಡೇವಿಡ್‌ಸನ್ ಮೈದಾನದಲ್ಲೇ ಜಗಳಕ್ಕೆ ನಿಂತರು. ಇಬ್ಬರನ್ನೂ ಒಂದೊಂದು ಪಂದ್ಯ ಹೊರಗಿಟ್ಟರು.

ಅಂಪೈರ್ ಪ್ಯಾಟ್ ಹೋಬರ್ಗ್ ಕಥೆ ಕೇಳಿದ್ದೀರಾ? 2022ರ ವರ್ಲ್ಡ್ ಸೀರೀಸ್‌ನ (ಲೀಗ್‌ನ ಫೈನಲ್ ಸರಣಿ) ಎರಡನೇ ಪಂದ್ಯದಲ್ಲಿ ಬ್ಯಾಟರ್‌ಗಳು ಬೀಸದೆ ಬಿಟ್ಟ ಎಸೆತ 129. ಸ್ಟ್ರೈಕಾ (ಗುರಿಯೊಳಗೆ ಬಂದದ್ದು), ಬಾಲಾ (ಹೊರಗೆ ಹೋದದ್ದು) ಅಂತ 129ನ್ನೂ ಆತ ಸರಿಯಾಗಿ ಹೇಳಿದ. ಅಂಥವನನ್ನು 2025ರ ಫೆಬ್ರವರಿಯಲ್ಲಿ ಕೆಲಸದಿಂದ ತೆಗೆದರು. ಬೇಸ್‌ಬಾಲ್ ಮೇಲೆ ಬಾಜಿ ಕಟ್ಟುತ್ತಿದ್ದ ಗೆಳೆಯನ ಜೊತೆ ಬೆಟ್ಟಿಂಗ್ ಖಾತೆ ಹಂಚಿಕೊಂಡಿದ್ದ, ಮೆಸೇಜುಗಳನ್ನು ಅಳಿಸಿದ್ದ. ಅವನೇ ಬೇಸ್‌ಬಾಲ್ ಮೇಲೆ ಬಾಜಿ ಕಟ್ಟಿದ್ದಕ್ಕೆ ಸಾಕ್ಷಿ ಸಿಗಲಿಲ್ಲ ಅಂತ ಲೀಗ್ ಕೂಡ ಒಪ್ಪಿತು. ಆದರೂ ಕೆಲಸ ಹೋಯಿತು. ಇನ್ನೇನು ಶಿಕ್ಷೆ ಬೇಕು?

ಒಂದು ವಿಷಯದಲ್ಲಿ ಮಾತ್ರ ಕೇಳುವವರ ಜೊತೆ ನಾನೂ ಇದ್ದೇನೆ. ಮೇಜರ್ ಲೀಗ್‌ನಲ್ಲಿ ಪ್ರತಿ ಎಸೆತವನ್ನೂ ಕ್ಯಾಮೆರಾ ಅಳೆಯುತ್ತದೆ. ಪ್ರತಿ ಅಂಪೈರ್‌ನ ಕೆಲಸಕ್ಕೂ ಲೀಗ್ ಲೆಕ್ಕ ಇಡುತ್ತದೆ. ಪ್ಲೇಆಫ್‌ಗೆ ಯಾರನ್ನು ಕಳಿಸಬೇಕು ಅನ್ನುವುದಕ್ಕೂ ಆ ಲೆಕ್ಕವನ್ನು ನೋಡುತ್ತಾರೆ. ಆದರೆ ಅದನ್ನು ಜನರ ಮುಂದೆ ಇಡುವುದಿಲ್ಲ. ಆಟಗಾರನ ದಂಡ ಮರುದಿನ ಸುದ್ದಿಯಾಗುತ್ತದೆ, ಅಂಪೈರ್‌ನದ್ದು ಬಹಳ ಸಲ ಕಚೇರಿಯ ಒಳಗೇ ಮುಗಿಯುತ್ತದೆ. ಇದು ತಪ್ಪು. ಬಚ್ಚಿಟ್ಟರೆ ಜನ "ಏನೂ ಇಲ್ಲ" ಅಂದುಕೊಳ್ಳುವುದು ಸಹಜ ಅಲ್ವಾ? ಕ್ರಿಕೆಟ್‌ನಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಥರ ಒಬ್ಬ ಮ್ಯಾಚ್ ರೆಫರಿ ಮೈದಾನದಲ್ಲೇ ಇರುತ್ತಾರೆ. ಇಲ್ಲಿ ಎಲ್ಲವೂ ನ್ಯೂಯಾರ್ಕ್‌ನ ಲೀಗ್ ಕಚೇರಿಯಿಂದ ಬರಬೇಕು.

ಆದರೆ ಆಟಗಾರನಿಗೆ ಮಾತ್ರ ಶಿಕ್ಷೆ ಅನ್ನಬೇಡಿ, ಸಿಟ್ಟು ಬರುತ್ತದೆ. 1996ರ ಸೆಪ್ಟೆಂಬರ್ 27ರಂದು ಟೊರಾಂಟೋದಲ್ಲಿ ಆಟಗಾರ ರಾಬರ್ಟೋ ಅಲೊಮಾರ್, ಅಂಪೈರ್ ಜಾನ್ ಹರ್ಷ್‌ಬೆಕ್ ಮುಖಕ್ಕೆ ಉಗಿದ. ಮುಖಕ್ಕೆ! ಸಿಕ್ಕಿದ್ದು ಐದು ಪಂದ್ಯಗಳ ಶಿಕ್ಷೆ, ಅದೂ ಮುಂದಿನ ವರ್ಷಕ್ಕೆ. ಪ್ಲೇಆಫ್‌ಗೆ ನಿಲ್ಲುವುದಿಲ್ಲ ಅಂತ ಅಂಪೈರ್‌ಗಳು ಹಟ ಹಿಡಿದರು, ವಿಷಯ ಕೋರ್ಟಿಗೆ ಹೋಯಿತು. ಆ ಪ್ಲೇಆಫ್‌ನಲ್ಲಿ ಅಲೊಮಾರ್ ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ತಂಡವನ್ನು ಮುಂದಿನ ಸುತ್ತಿಗೆ ದಾಟಿಸಿದ. ಆಮೇಲೆ ಅವರಿಬ್ಬರೂ ಒಳ್ಳೆಯ ಸ್ನೇಹಿತರಾದರು, ಅದು ಅವರಿಬ್ಬರ ದೊಡ್ಡತನ. ಲೀಗ್ ಕೊಟ್ಟ ಶಿಕ್ಷೆಯಲ್ಲಿ ನ್ಯಾಯ ಇರಲಿಲ್ಲ.

ಈಗ ನನ್ನ ವಿಷಯ.

ಹೋದ ವರ್ಷ ಮೇ ತಿಂಗಳು. ಹನ್ನೊಂದು ಹನ್ನೆರಡು ವರ್ಷದ ಹುಡುಗರ ಪಂದ್ಯ, ಕೊನೆಯ ಇನ್ನಿಂಗ್ಸ್, ಒಂದೇ ರನ್ ಅಂತರ. ಮೂರನೇ ಬೇಸ್‌ನಿಂದ ಒಬ್ಬ ಹುಡುಗ ಓಡಿ ಬಂದು ಹೋಮ್ ಪ್ಲೇಟ್‌ಗೆ ಜಾರಿದ. ಚೆಂಡು ಮೈಗೆ ತಾಗುವ ಮುಂಚೆ ಅದನ್ನು ಮುಟ್ಟಿದರೆ ರನ್, ಇಲ್ಲದಿದ್ದರೆ ಔಟ್. ಕ್ಯಾಚರ್ ಚೆಂಡು ಹಿಡಿದು ಅವನಿಗೆ ಮುಟ್ಟಿಸಿದ. ಧೂಳೋ ಧೂಳು. ಕ್ಯಾಚರ್‌ನ ಬೆನ್ನು ನನಗೆ ಅಡ್ಡ ಬಂದಿತ್ತು. ಔಟ್ ಅಂದೆ. ಪಂದ್ಯ ಮುಗಿಯಿತು.

ಬೇಲಿಯ ಹತ್ತಿರ ಆ ಹುಡುಗನ ಅಪ್ಪ ಫೋನ್ ಹಿಡಿದು ಕಾಯುತ್ತಿದ್ದರು. ಅವರೂ ನಮ್ಮ ಕಡೆಯವರೇ. "ನೋಡಿ ಸಾರ್" ಅಂತ ವಿಡಿಯೋ ತೋರಿಸಿದರು. ಬೆರಳು ಪ್ಲೇಟ್ ಮೇಲಿದೆ, ಗ್ಲೌಸ್ ಆಮೇಲೆ ಬರುತ್ತಿದೆ. ಅವರ ಮಾತು ನಿಜ. "ಮಕ್ಕಳು ತಪ್ಪು ಮಾಡಿದ್ರೆ ಬೆಂಚ್ ಮೇಲೆ ಕೂರಿಸ್ತಾರೆ. ನಿಮ್ಮನ್ನ ಕೂರಿಸೋರು ಯಾರು?" ಅಂದರು.

"ಆಟ ಮುಗಿದಿದೆ ಸಾರ್" ಅಂದು ಕಾರಿನ ಕಡೆ ನಡೆದೆ. ನಿಯಮದ ಪ್ರಕಾರ ನಾನು ಹೇಳಿದ್ದು ಸರಿ. ಕಣ್ಣಿಂದ ನೋಡಿ ಕೊಟ್ಟ ತೀರ್ಪಿನ ಮೇಲೆ ಅಪೀಲು ಇಲ್ಲ. ಆ ಹುಡುಗ ಬೆಂಚಿನ ಮೇಲೆ ಕೂತು ಶೂ ಲೇಸ್ ಬಿಚ್ಚುತ್ತಿದ್ದ. ಕೆನ್ನೆಯ ಮೇಲೂ ಮಣ್ಣು. ಅವನ ಪಕ್ಕದಲ್ಲೇ ಹಾದು ಹೋದೆ. "ನನ್ನದು ತಪ್ಪಾಯಿತು ಮಗು" ಅನ್ನಲು ಎಷ್ಟು ಹೊತ್ತು ಬೇಕಿತ್ತು? ಅನ್ನಲಿಲ್ಲ. ಒಪ್ಪಿಕೊಂಡರೆ ಮುಂದಿನ ವಾರ ಯಾರೂ ನನ್ನ ಮಾತು ಕೇಳುವುದಿಲ್ಲ ಅನ್ನುವ ಹೆದರಿಕೆ. ಕೊಟ್ಟ ತೀರ್ಪಿಗಿಂತ ಆ ನಡಿಗೆ ನನ್ನನ್ನು ಜಾಸ್ತಿ ಚುಚ್ಚಿತು.

ಅದಕ್ಕೇ ಬೇರೆ ಪ್ರಶ್ನೆ ಕೇಳಿ ಅನ್ನುತ್ತೇನೆ. ತಪ್ಪಾಯಿತು ಅಂತ ಗೊತ್ತಾದ ಮೇಲೆ ಅಂಪೈರ್ ಏನು ಮಾಡಬೇಕು? ಇದನ್ನು ನನಗೆ ಯಾರೂ ಕೇಳಿಲ್ಲ.

2010ರ ಜೂನ್ 2, ಡೆಟ್ರಾಯಿಟ್. ಪಿಚರ್ ಅರ್ಮಾಂಡೋ ಗಲರಾಗಾ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದ. ಒಬ್ಬರೂ ಬೇಸ್ ಮುಟ್ಟಿರಲಿಲ್ಲ. ಇನ್ನೊಂದು ಔಟ್ ಸಿಕ್ಕಿದ್ದರೆ ಪರ್ಫೆಕ್ಟ್ ಗೇಮ್. 27ನೇ ಬ್ಯಾಟರ್ ಮೊದಲ ಬೇಸ್‌ನಲ್ಲಿ ಸ್ಪಷ್ಟವಾಗಿ ಔಟ್. ಅಂಪೈರ್ ಜಿಮ್ ಜಾಯ್ಸ್ ಸೇಫ್ ಅಂದರು. ಗಲರಾಗಾ ಕೂಗಾಡಲಿಲ್ಲ. ಸಣ್ಣಗೆ ನಕ್ಕು ಹೋಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿದ. ಪಂದ್ಯ ಮುಗಿದ ಮೇಲೆ ಜಾಯ್ಸ್ ವಿಡಿಯೋ ನೋಡಿದರು. ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯಿತು ಅಂತ ಪತ್ರಕರ್ತರ ಮುಂದೆ ಒಪ್ಪಿಕೊಂಡರು, ಗಲರಾಗಾನ ಹತ್ತಿರ ಕ್ಷಮೆ ಕೇಳಿದರು. ಮರುದಿನ ಬೇಕಾದರೆ ರಜೆ ತೆಗೆದುಕೊಳ್ಳಿ ಅಂತ ಲೀಗ್ ಹೇಳಿತ್ತು. ಅವರು ಬಂದು ಹೋಮ್ ಪ್ಲೇಟ್ ಹಿಂದೆ ನಿಂತರು. ತಂಡದ ಪಟ್ಟಿಯನ್ನು ಅವರ ಕೈಗೆ ತಂದು ಕೊಟ್ಟವನು ಗಲರಾಗಾ. ಜಾಯ್ಸ್ ಕಣ್ಣೊರೆಸಿಕೊಂಡು ಆಟ ಶುರು ಮಾಡಿದರು. ತೀರ್ಪು ಬದಲಾಗಲಿಲ್ಲ, ದಾಖಲೆ ಪುಸ್ತಕದಲ್ಲಿ ಅದು ಇವತ್ತಿಗೂ ಪರ್ಫೆಕ್ಟ್ ಗೇಮ್ ಅಲ್ಲ. ಅದೇ ಜೂನ್‌ನಲ್ಲಿ ಇಎಸ್‌ಪಿಎನ್ ನೂರು ಆಟಗಾರರನ್ನು ಕೇಳಿತು, ಎಲ್ಲರಿಗಿಂತ ಒಳ್ಳೆಯ ಅಂಪೈರ್ ಯಾರು ಅಂತ. ಅವರು ಆರಿಸಿದ್ದು ಜಾಯ್ಸ್ ಅವರನ್ನೇ.

ಇಂಥ ತೀರ್ಪು ತಿದ್ದಲು 2014ರಿಂದ ವಿಡಿಯೋ ಇದೆ. 2026ರಿಂದ ಸ್ಟ್ರೈಕ್ ಬಗ್ಗೆಯೂ ಆಟಗಾರ ಟೋಪಿ ತಟ್ಟಿ ಯಂತ್ರದ ತೀರ್ಪು ಕೇಳಬಹುದು, ತಂಡಕ್ಕೆ ಎರಡು ಅವಕಾಶ. ಬರಲಿ, ನನಗೆ ಸಂತೋಷವೇ. ನಮ್ಮ ಮಕ್ಕಳ ಮೈದಾನದಲ್ಲಿ ಮಾತ್ರ ಈಗಲೂ ಬರೀ ಎರಡು ಕಣ್ಣು.

ಒಂದು ವಾರ ಬಿಟ್ಟು ಆ ಹುಡುಗನನ್ನು ಹುಡುಕಿಕೊಂಡು ಹೋಗಿ ಹೇಳಿದೆ. "ಗೊತ್ತು ಅಂಕಲ್, ಅಪ್ಪ ತೋರಿಸಿದ್ರು" ಅಂದು ಗ್ಲೌಸ್ ಹಾಕಿಕೊಂಡು ಓಡಿದ.

ನಮ್ಮ ರಾಜ್ಯದ ಡೆಪ್ಟ್‌ಫರ್ಡ್‌ನ ಮಕ್ಕಳ ಲೀಗ್ 2023ರಲ್ಲಿ ಒಂದು ನಿಯಮ ಮಾಡಿತು. ಅಂಪೈರ್‌ಗೆ ಬೈದು ಹೊರಬಿದ್ದವರು ಮತ್ತೆ ಆಟ ನೋಡಲು ಬರಬೇಕಾದರೆ ಮೊದಲು ಮೂರು ಪಂದ್ಯ ಅಂಪೈರ್ ಆಗಿ ನಿಲ್ಲಬೇಕು. ನಮ್ಮ ಲೀಗ್‌ನಲ್ಲಿ ಆ ನಿಯಮ ಇಲ್ಲ. ಆದರೂ ಕೇಳುತ್ತಿದ್ದೇನೆ. ಬರುವ ಶನಿವಾರ ಬೆಳಿಗ್ಗೆ 9 ಗಂಟೆಯ ಪಂದ್ಯಕ್ಕೆ ಎರಡನೇ ಮೈದಾನದಲ್ಲಿ ಇನ್ನೂ ಅಂಪೈರ್ ಸಿಕ್ಕಿಲ್ಲ. ಮಾಸ್ಕು, ಎದೆಗೆ ಕಟ್ಟುವ ಪ್ಯಾಡು ನನ್ನ ಕಾರಿನಲ್ಲೇ ಇವೆ.